ಬಾಗಿಲ ಸಂದಿನ ಹತ್ತು ಎಲೆ

ಕಾರಿನ ಹಿಂದಿನ ಎಡಬಾಗಿಲನ್ನು ಸೆಣಬಿನ ಹಗ್ಗದಿಂದ ಬಿಗಿದು ಕಟ್ಟಿದ್ದರು. ಅದೊಂದನ್ನು ಬಿಟ್ಟರೆ ಗಾಡಿಯಲ್ಲಿ ಕಣ್ಣಿಗೆ ಕಾಣುವ ದೋಷ ಯಾವುದೂ ಇರಲಿಲ್ಲ. ಎಂಟು ಸಿಲಿಂಡರಿನ ಎಂಜಿನ್ನು ಹೊಲಿಗೆ ಯಂತ್ರದಂತೆ ಸಣ್ಣಗೆ ಓಡುತ್ತಿತ್ತು. ಉದ್ದನೆಯ ಮೂತಿ, ನಾಲ್ಕು ಬಾಗಿಲು, ಬೇಕೆಂದಾಗ ಮಡಚಿ ಹಿಂದಕ್ಕೆ ಹಾಕುವ ಕ್ಯಾನ್ವಾಸಿನ ಚಪ್ಪರ. ಹುಬ್ಬಳ್ಳಿ ರಸ್ತೆಯ ಬಸ್ಸುಗಳಿಗೆ ಅದರ ಧೂಳು ಮಾತ್ರ ಕಾಣುತ್ತಿತ್ತು.

ಮೂವತ್ತರ ದಶಕ ಮುಗಿಯುತ್ತ ಬಂದ ಒಂದು ಬೇಸಿಗೆ. ಶಿಗ್ಗಾಂವಿಯಲ್ಲಿ ಹೆದ್ದಾರಿಯ ಬದಿಗೆ ನನ್ನ ಮೋಟಾರು ರಿಪೇರಿ ಶೆಡ್ಡು ಇತ್ತು. ಕಾರಿನ ಯಜಮಾನರು ಹಿರೇಕೆರೂರು ತಾಲೂಕಿನ ದೊಡ್ಡ ಒಕ್ಕಲುತನದ ಮನೆಯವರು. ಸುತ್ತಿನವರೆಲ್ಲ ಅವರನ್ನು ಧಣಿ ಎನ್ನುತ್ತಿದ್ದರು. ಮುಂಬಯಿಯಲ್ಲಿ ಯಾರೋ ಬಳಸಿ ಬಿಟ್ಟ ಗಾಡಿಯನ್ನು ಆಸೆಪಟ್ಟು ತರಿಸಿದ್ದರು.

ಶೆಡ್ಡು ಹಾಕುವ ಮೊದಲು ನಾನು ಕೆಲಕಾಲ ಒಂದು ವಾರಪತ್ರಿಕೆಗೆ ತಾಲೂಕಿನ ಸುದ್ದಿ ಕಳಿಸುತ್ತಿದ್ದೆ. ಅಲ್ಲಿನ ಸಂಪಾದಕರು ಹೇಳಿಕೊಟ್ಟ ಒಂದು ರೂಢಿ ಕೈಬಿಟ್ಟಿರಲಿಲ್ಲ. ಕಂಡದ್ದನ್ನು ಎಡಪುಟದಲ್ಲಿ ಬರೆಯಬೇಕು, ಕೇಳಿದ್ದನ್ನು ಬಲಪುಟದಲ್ಲಿ. ಎರಡನ್ನೂ ಬೆರೆಸಬಾರದು. ರಿಪೇರಿಯ ವಹಿಯನ್ನೂ ಹಾಗೆಯೇ ಬರೆಯುತ್ತಿದ್ದೆ.

ಅಂದು ಬಲಪುಟದಲ್ಲಿ ಎರಡು ಹೇಳಿಕೆ ಸೇರಿದವು. ಒಂದು ಧಣಿಗಳದು. ಹದಿನೈದು ದಿನದ ಹಿಂದೆ ಅವರ ತಾಯಿ ಹಾನಗಲ್ಲಿನಿಂದ ತಡಸದ ಮೇಲೆ ಹುಬ್ಬಳ್ಳಿಗೆ ಹೊರಟಿದ್ದರು. ಹಳ್ಳ ದಾಟುವಲ್ಲಿ ಹಿಂದಿನ ಬಾಗಿಲು ತೆರೆದುಕೊಂಡು ಅವ್ವಾರು ಕೆಳಗೆ ಬಿದ್ದರು. ಎಡಗೈ ಮುರಿಯಿತು. ಡ್ರೈವರ್ ಬಾಗಿಲು ಸರಿಯಾಗಿ ಹಾಕದೆ ಗಾಡಿ ಓಡಿಸಿದ್ದಾನೆ ಎಂಬುದು ಧಣಿಗಳ ಮಾತು. ಎರಡನೆಯದು ಡ್ರೈವರನದು. ಅವನು ಸವಣೂರಿನ ಎಲೆತೋಟದವರ ಮನೆಯ ಮನುಷ್ಯ, ಧಣಿಗಳ ಮನೆಯಲ್ಲಿ ಹನ್ನೊಂದು ವರ್ಷದಿಂದ ಸ್ಟೇರಿಂಗ್ ಹಿಡಿದವನು. ಬಾಗಿಲು ಹಾಕಿಯೇ ಇತ್ತು, ತಾನೇ ತೆರೆಯಿತು ಎಂದ.

ಧಣಿಗಳು ಹೋದ ಮೇಲೆ ಅವನು ನನ್ನ ಹತ್ತಿರ ಬಂದು ಕೂತ.

"ರಿಪೇರಿ ಮುಗಿಯೂತನಕ ಇರು, ಆಮ್ಯಾಲ ನಿನ್ನ ದಾರಿ ನೋಡ್ಕೋ ಅಂದಾರ‍್ರಿ ಮಿಸ್ತ್ರಿ. ನೌಕರಿ ಹೋದ್ರ ಹೋಗ್ಲಿ. ಅವ್ವಾರನ್ನ ಕೆಡವಿದಾಂವ ಅನ್ನೂ ಮಾತು ನನ್ನ ಬೆನ್ನ ಹತ್ತಬಾರ್ದು. ಅದು ಬೆನ್ನ ಹತ್ತಿದ್ರ ಈ ನಾಕು ತಾಲೂಕಿನ್ಯಾಗ ನನ್ನ ಕೈಯಾಗ ಗಾಡಿ ಕೊಡವ್ರು ಯಾರು?"

ನಾನು ಎದ್ದು ಗಾಡಿಯ ಎಡಬದಿಗೆ ಹೋದೆ. ಹಗ್ಗ ಬಿಚ್ಚಿ ಬಾಗಿಲು ನೋಡಿದೆ. ಅದರ ಕೀಲು ಹಿಂಬದಿಗಿತ್ತು, ಚಿಲಕ ಮುಂಬದಿಗಿತ್ತು. ಇಂಥ ಬಾಗಿಲು ಓಡುವಾಗ ಚಿಲಕ ಬಿಟ್ಟರೆ ಗಾಳಿಯೇ ಅದನ್ನು ಎಳೆದು ತೆರೆಯುತ್ತದೆ. ಚಿಲಕದ ನಾಲಿಗೆ ಸ್ವಲ್ಪ ಸವೆದಿತ್ತು, ಆದರೆ ಕಚ್ಚಿ ಹಿಡಿಯುತ್ತಿತ್ತು. ನಿಂತ ಗಾಡಿಯಲ್ಲಿ ಎಷ್ಟು ಎಳೆದರೂ ಬಾಗಿಲು ಬರಲಿಲ್ಲ.

ಆಮೇಲೆ ಮುಂದಿನ ಎಡಗಾಲಿಯ ಕೆಳಗೆ ಜಾಕ್ ಇಟ್ಟು ಎತ್ತುತ್ತ ಹೋದೆ. ಗಾಲಿ ಒಂದು ಗೇಣು ಮೇಲೆದ್ದಾಗ ಹಿಂದಿನ ಬಾಗಿಲಿಗೂ ಅದರ ಕಂಬಕ್ಕೂ ನಡುವಿನ ಸಂದು ಕಣ್ಣೆದುರೇ ಅಗಲವಾಯಿತು. ಅಳೆಯಲು ನನ್ನ ಬಳಿ ಇದ್ದ ಉಕ್ಕಿನ ಪಟ್ಟಿಗಳು ತೀರ ತೆಳು, ಎಲ್ಲವನ್ನೂ ಕೂಡಿಸಿದರೂ ಸಂದು ತುಂಬಲಿಲ್ಲ. ಡ್ರೈವರ್ ತನ್ನ ಒದ್ದೆ ಅರಿವೆಯ ಗಂಟು ಬಿಚ್ಚಿದ. ಅದರಲ್ಲಿ ಸವಣೂರಿನ ವೀಳ್ಯದೆಲೆ ಇದ್ದವು.

"ಇವನ್ನ ಇಟ್ಟು ನೋಡ್ರಿ. ನಮ್ಮ ತ್ವಾಟದ ಎಲಿ, ಎಲ್ಲಾ ಒಂದ ದಪ್ಪ."

"ಅಳತಿ ಮಾಡಿ ಮುಗದ ಮ್ಯಾಲ ತಿನ್ನಾಕ ಬಂದ್ರ ಚಲೋ ಆಕ್ಕೈತಿ," ಎಂದೆ.

"ಗ್ರೀಸ್ ಹತ್ತಿದ್ದು ನಿಮಗ, ಹತ್ತಲಾರದ್ದು ನನಗ."

ನಗೆಗೆ ಶುರುವಾದ ಅಳತೆ ಕೊನೆಯವರೆಗೂ ನಮ್ಮ ಅಳತೆಯಾಯಿತು. ಗಾಡಿ ಸಮನಾಗಿ ನಿಂತಾಗ ಸಂದಿನಲ್ಲಿ ಹತ್ತು ಎಲೆ ಬಿಗಿಯಾಗಿ ಕೂರುತ್ತಿದ್ದವು. ಒಂದು ಗಾಲಿ ಗೇಣೆತ್ತರ ಏರಿದಾಗ ಮೂವತ್ತೆರಡು ಬೇಕಾದವು. ಅಷ್ಟು ಅಗಲಕ್ಕೆ ಚಿಲಕದ ನಾಲಿಗೆ ಬರಿಯ ತುದಿಯಲ್ಲಿ ನಿಲ್ಲುತ್ತದೆ, ಮೇಲೊಂದು ಹೊಡೆತ ಬಿದ್ದರೆ ಜಾರುತ್ತದೆ. ಎಡಪುಟದಲ್ಲಿ ಇದನ್ನು ಬರೆದೆ. ಡ್ರೈವರ್ ಹೇಳಿದ್ದು ನಿಜವಿರಬಹುದು ಎನ್ನುವಷ್ಟು ಮಾತ್ರ ಇದರಿಂದ ಗೊತ್ತಾಯಿತು. ಅಂದು ಬಾಗಿಲು ಹಾಕಿತ್ತೆಂದು ಇದು ಹೇಳುವುದಿಲ್ಲ.

ಮುಚ್ಚಿದ ಕಾರಿಗೆ ಮೇಲಿನ ಛಾವಣಿಯೂ ಒಂದು ಆಧಾರ. ತೆರೆದ ಕಾರಿಗೆ ಅದಿಲ್ಲ, ಇಡೀ ಭಾರ ಕೆಳಗಿನ ಚಾಸಿಯ ಮೇಲೆ. ಆ ಚಾಸಿ ಎಂದರೆ ಎರಡು ಉದ್ದನೆಯ ಉಕ್ಕಿನ ಕಂಬಿ, ಅವುಗಳ ನಡುವೆ ಏಣಿಯ ಮೆಟ್ಟಿಲಿನಂತೆ ಐದು ಅಡ್ಡಪಟ್ಟಿ. ನಯವಾದ ರಸ್ತೆಗೆ ಅದು ಸಾಕು. ನಮ್ಮ ಹಳ್ಳದ ದಾರಿಯಲ್ಲಿ ಒಂದು ಗಾಲಿ ತಗ್ಗಿಗಿಳಿದರೆ ಪಕ್ಕದ ಇನ್ನೊಂದು ದಿಬ್ಬ ಏರುತ್ತದೆ. ಇಷ್ಟು ಯೋಚಿಸಿದವನು ಇನ್ನಷ್ಟು ಯೋಚಿಸಬೇಕಿತ್ತು. ಕಂಬಿ ತೆಳ್ಳಗಿದೆ, ದಪ್ಪ ಮಾಡಿದರೆ ಆಯಿತು ಎಂದು ತೀರ್ಮಾನಿಸಿಬಿಟ್ಟೆ. ಎರಡೂ ಕಂಬಿಗಳ ಉದ್ದಕ್ಕೆ ದಪ್ಪ ಪಟ್ಟಿ ಹಚ್ಚಿ ಬೋಲ್ಟು ಬಿಗಿದೆ. ಎಂಟು ದಿನ ಹಿಡಿಯಿತು. ಎಲೆಯಿಟ್ಟು ಮತ್ತೆ ಅಳೆಯಲಿಲ್ಲ. ಕೆಲಸ ಗಟ್ಟಿಯಾಗಿ ಕಾಣುತ್ತಿತ್ತು, ಅದೇ ಸಾಕೆನಿಸಿತು. ಧಣಿಗಳಿಗೆ ಹೇಳಿಕಳಿಸಿದೆ.

ಅವರು ಬೆಳಿಗ್ಗೆ ಬಂದರು. ಡ್ರೈವರ್ ಸ್ಟೇರಿಂಗಿಗೆ, ಧಣಿಗಳು ಅವನ ಪಕ್ಕಕ್ಕೆ, ಹಿಂದೆ ಬಲಬದಿಗೆ ನಾನು. ಎಡಬಾಗಿಲನ್ನು ನಾನೇ ಹಾಕಿ ಸಂದಿನಲ್ಲಿ ಹತ್ತು ಎಲೆ ಸಿಕ್ಕಿಸಿದೆ. ತಡಸ ದಾಟಿ ಹಾನಗಲ್ ದಾರಿ ಹಿಡಿದೆವು. ಮೊದಲ ಮೋರಿಯಲ್ಲೇ ಎಲೆ ಉದುರಿದವು. ಹಳ್ಳದಲ್ಲಿ ಬಾಗಿಲು ತೆರೆದು ಹಿಂದಕ್ಕೆ ಬಡಿಯಿತು. ಆ ಬದಿಗೆ ಯಾರೂ ಕೂತಿರಲಿಲ್ಲ, ಅಷ್ಟು ಪುಣ್ಯ.

ಧಣಿಗಳು ಗಾಡಿ ನಿಲ್ಲಿಸಲು ಹೇಳಿ ಇಳಿದರು. ಅವರು ಸಿಟ್ಟಿನ ಮನುಷ್ಯರಲ್ಲ. ಮೆಲ್ಲಗೆ ಡ್ರೈವರನ ಕಡೆ ತಿರುಗಿದರು.

"ಗಾಡಿ ರಿಪೇರಿ ಆತು ಅಂತ ಮಿಸ್ತ್ರಿ ಹೇಳ್ಯಾರ. ಬಾಗಿಲಾ ಅವರ ಹಾಕ್ಯಾರ. ಆದ್ರೂ ತಗೀತು. ಅಂದ್ರ ನಿನ್ನ ಓಡಿಸೂ ರೀತಿನ ಸರಿ ಇಲ್ಲ. ನಾನು ಇನ್ನೇನ ತಿಳಕೋಬೇಕು?"

ಡ್ರೈವರ್ ನನ್ನ ಮುಖ ನೋಡಿದ. ನಾನು ಬಾಗಿಲಿನ ಕೀಲು ನೋಡುತ್ತ ನಿಂತೆ. ಬಾಗಿಲನ್ನು ಮತ್ತೆ ಹಗ್ಗದಿಂದ ಕಟ್ಟಿ ಶಿಗ್ಗಾಂವಿಗೆ ವಾಪಸಾದೆವು.

ಧಣಿಗಳು ಹಿರೇಕೆರೂರಿನ ಬಸ್ಸಿಗೆ ಹೋದ ಮೇಲೆ ಜಾಕ್ ಇಟ್ಟು ಎಲೆ ಎಣಿಸಿದೆ. ಮೂವತ್ತು. ಎಂಟು ದಿನದ ಕೆಲಸಕ್ಕೆ ಎರಡು ಎಲೆಯ ಲಾಭ. ವಹಿ ತೆಗೆದು ಎಡಪುಟದಲ್ಲಿ 'ರಿಪೇರಿ ಸೋತಿದೆ, ತಪ್ಪು ನನ್ನದು' ಎಂದು ಬರೆದೆ. ಬರೆದು ಮುಗಿಸಿದಾಗ ಒಂದು ಮಾತು ಸ್ಪಷ್ಟವಾಯಿತು. ಇದು ವಹಿಯಲ್ಲಿ ಇದ್ದರೆ ಯಾರಿಗೂ ಉಪಯೋಗವಿಲ್ಲ. ನನ್ನ ಸೋತ ರಿಪೇರಿಯೇ ಈಗ ಅವನ ಮೇಲಿನ ಸಾಕ್ಷಿಯಾಗಿತ್ತು.

ಬಸ್ಸು ನಿಲ್ಲುವ ಕಡೆಗೆ ಓಡಿದೆ, ಅದು ಇನ್ನೂ ಹೊರಟಿರಲಿಲ್ಲ. ಧಣಿಗಳು ಮುಂದಿನ ಸೀಟಿನಲ್ಲಿದ್ದರು. ಕಿಟಕಿಯ ಕೆಳಗೆ ನಿಂತು ಹೇಳಿದೆ.

"ಧಣ್ಯಾರ, ಗಾಡಿ ರಿಪೇರಿ ಆಗಿಲ್ರಿ. ಆಗೇತಿ ಅಂತ ನಾ ಹೇಳಿದ್ದು ತಪ್ಪು. ಅಳತಿ ಮಾಡಲಾರದ ಹೇಳಿದೆ. ಚಾಸಿ ಮೊದಲಿನಂಗ ಐತಿ. ಡ್ರೈವರ್ ಹೆಂಗ ಓಡಿಸಿದ್ರೂ ಆ ಹಳ್ಳದಾಗ ಬಾಗಿಲಾ ತಗೀತಿತ್ತು."

ಒಳಗಿನ ಮಂದಿ ಮಾತು ನಿಲ್ಲಿಸಿ ಕೇಳತೊಡಗಿದರು. ಹಿಂದಿನ ಸೀಟಿನ ಒಬ್ಬಾಕೆ ಪಕ್ಕದವಳಿಗೆ, "ತಪ್ಪು ನಂದು ಅನ್ನೂ ಮಿಸ್ತ್ರಿನ್ನ ಇವತ್ತ ನೋಡಿದೆ ನೋಡವಾ," ಎಂದಳು. ಧಣಿಗಳು ಕಿಟಕಿಯಿಂದ ನನ್ನತ್ತ ಬಾಗಿದರು.

"ಅವ್ವನ ಕೈಕಟ್ಟು ಬಿಚ್ಚೂತನಕ ಟೈಮ್ ತಗೋರಿ. ಅಲ್ಲೀತನಕ ಅಂವ ನಿಮ್ಮ ಕೂಡ ಇರ್ಲಿ. ಆಮ್ಯಾಲ ಮಾತಿಲ್ಲ."

ಮೂರು ವಾರ ಎಂದು ಲೆಕ್ಕ ಹಾಕಿದೆ.

ಹಚ್ಚಿದ ಪಟ್ಟಿಗಳನ್ನೆಲ್ಲ ಬಿಚ್ಚಿದೆ. ಡ್ರೈವರ್ ಸವಣೂರಿಗೆ ಹೋಗಿ ತನ್ನ ಓಣಿಯ ಕಂಬಾರಜ್ಜನನ್ನು ಕರೆತಂದ. ಬಂಡಿ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಸಿ ಬಿಗಿಯುವುದರಲ್ಲಿ ಅಜ್ಜನ ಕೈ ಸುತ್ತಲೂ ಹೆಸರಾದದ್ದು. ಅಜ್ಜ ಗಾಡಿಯ ಕೆಳಗೆ ಮಲಗಿ ಬಹಳ ಹೊತ್ತು ನೋಡಿದ. ಎದ್ದು ಶೆಡ್ಡಿನ ಹೊರಗಿದ್ದ ಹಗ್ಗದ ಹೊರಸಿನ ಮೇಲೆ ಕೂತ.

"ಇದರ ಒಂದ ಕಾಲ ಎತ್ರಿ ಮಿಸ್ತ್ರಿ."

ಎತ್ತಿದೆ. ಉಳಿದ ಮೂರು ಕಾಲು ನೆಲದ ಮೇಲೆಯೇ ಇದ್ದವು. ಹೊರಸು ಅಜ್ಜನ ಸಮೇತ ತಿರುಚಿಕೊಂಡಿತು.

"ಇದರ ಗಳಾ ಎಷ್ಟ ದಪ್ಪ ಹಾಕಿದ್ರೂ ಹಿಂಗ ಆಗೂದು. ನಿಮ್ಮ ಕಂಬಿ ಬಾಗಾಕತ್ತಿಲ್ರಿ, ತಿರುಚಾಕತ್ತೈತಿ. ಬಾಗೂದಕ್ಕ ಔಷಧ ಕೊಟ್ಟೀರಿ, ಬ್ಯಾನಿ ಬ್ಯಾರೆ."

ತಿರುಚುವಿಕೆಗೆ ಮದ್ದು ನನಗೆ ಕೇಳಿ ಗೊತ್ತಿತ್ತು. ಚಾಸಿಯ ನಡುವೆ ಮೂಲೆಯಿಂದ ಮೂಲೆಗೆ ಎರಡು ತೊಲೆಗಳನ್ನು ಕತ್ತರಿಯಾಕಾರದಲ್ಲಿ ಕೂಡಿಸಬೇಕು. ಗಾಡಿ ತಿರುಚುವಾಗ ಒಂದು ತೊಲೆಯ ತುದಿಗಳು ಮೇಲಕ್ಕೆ, ಇನ್ನೊಂದರ ತುದಿಗಳು ಕೆಳಕ್ಕೆ ಹೋಗಲು ನೋಡುತ್ತವೆ. ನಡುವೆ ಎರಡೂ ಒಂದಕ್ಕೊಂದು ಗಟ್ಟಿಯಾಗಿ ಬೆಸೆದಿದ್ದರೆ ಹೋಗಲಾರವು. ಆದರೆ ಅದೇ ನಡುವಿನಲ್ಲಿ ಎಂಜಿನ್ನಿನಿಂದ ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟು ತಿರುಗುತ್ತದೆ. ತೊಲೆಗಳು ಕೂಡಬೇಕಾದ ಜಾಗದಲ್ಲೇ ಅದಕ್ಕೆ ದಾರಿ ಬೇಕು. ನಾನು ಅಲ್ಲಿಗೇ ನಿಂತಿದ್ದೆ.

ಅಜ್ಜನಿಗೆ ಇದನ್ನು ನೆಲದ ಮೇಲೆ ಗೀಚಿ ತೋರಿಸಿದೆ. ಅವನು ನನ್ನನ್ನೂ ಗೀಟುಗಳನ್ನೂ ನೋಡಿ ಡ್ರೈವರನ ಕಡೆ ತಿರುಗಿದ.

"ಏನ್ ಸಾಬ, ನಿಮ್ಮ ಮಿಸ್ತ್ರಿ ಬಂಡಿ ಗಾಲಿ ನೋಡಿಲ್ಲೇನ? ಗಾಲಿ ನಡುವ ಗುಂಬ ಇರತೈತಿ. ಸುತ್ತಲಿನ ಅರಿ, ಆ ಕಟಗಿ ಕಡ್ಡಿ ಎಲ್ಲಾ, ಅದಕ್ಕ ಕಚ್ಚಿರತಾವು. ಅಚ್ಚು ಅದರೊಳಗ ಹಾದು ಹೋಗತೈತಿ. ಇದಕ್ಕೂ ಒಂದು ಗುಂಬ ಮಾಡೂದು, ನಾಕ ಅರಿ ಹಚ್ಚೂದು. ಇದಕ್ಕ ಸವಣೂರಿಂದ ನನ್ನ ಕರಸಬೇಕಿತ್ತೇನ?"

"ಕರಸದಿದ್ರ ಬೈಸ್ಕೊಳ್ಳೂ ಭಾಗ್ಯ ಎಲ್ಲಿ ಬರತಿತ್ತಜ್ಜಾ," ಎಂದ ಡ್ರೈವರ್.

ಹುಬ್ಬಳ್ಳಿಯ ಗುಜರಿಯಿಂದ ಹಳೆಯ ಲಾರಿಯ ಚಾಸಿ ಕಂಬಿ ತಂದು ನಾಲ್ಕು ತೋಳು ಕತ್ತರಿಸಿದೆ. ಅಜ್ಜ ದಪ್ಪ ತಗಡನ್ನು ಕಾಸಿ ಬಡಿದು ಮೊಳ ಉದ್ದದ ಉಕ್ಕಿನ ಗುಂಬ ಮಾಡಿದ. ಅದನ್ನು ತಾತ್ಕಾಲಿಕವಾಗಿ ಬೋಲ್ಟಿನಲ್ಲಿ ನಿಲ್ಲಿಸಿ, ಗಾಡಿಯ ಹಿಂಬದಿಗೆ ಜನರನ್ನು ಕೂರಿಸಿ ಕುಕ್ಕಿಸಿದಾಗ ಶಾಫ್ಟು ಗುಂಬದ ಒಳಮೈಗೆ ತಗುಲಿ ಕಿರುಗುಟ್ಟಿತು. ಬಂಡಿಯ ಅಚ್ಚು ಒಂದೇ ಕಡೆ ಇರುತ್ತದೆ. ಕಾರಿನ ಶಾಫ್ಟು ಸ್ಪ್ರಿಂಗಿನ ಜೊತೆ ಮೇಲೆ ಕೆಳಗೆ ಆಡುತ್ತದೆ. ಇದು ಅಜ್ಜನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿದ್ದೂ ಹೇಳಿರಲಿಲ್ಲ. ನಾಲ್ಕು ದಿನ ಹೋಯಿತು. ಎರಡನೆಯ ಗುಂಬದ ಬಾಯಿ ಮೇಲೆ ಕೆಳಗೆ ಉದ್ದನೆಯ ಮೊಟ್ಟೆಯಾಕಾರದ್ದಾಯಿತು. ಶಾಫ್ಟಿಗೆ ಆಡಲು ಜಾಗ ಸಿಕ್ಕಿತು.

ಬೋಲ್ಟು ಬೇಡ, ರಿವೆಟ್ಟೇ ಬೇಕು ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ಕೆಂಪಗೆ ಕಾಸಿದ ರಿವೆಟ್ಟು ಆರುವಾಗ ಕುಗ್ಗಿ ಎರಡು ತಗಡುಗಳನ್ನು ಬಿಗಿದು ಹಿಡಿಯುತ್ತದೆ, ಗಾಲಿಯ ಪಟ್ಟಿಯೂ ಹಾಗೆಯೇ. ಆದರೆ ಶೆಡ್ಡಿನಲ್ಲಿ ರಿವೆಟ್ಟು ಬಡಿಯಲು ಅಜ್ಜ ಒಪ್ಪಲಿಲ್ಲ. ಗಾಡಿ ತೊಳೆದ ನೀರು ಹರಿದುಹೋಗಲೆಂದು ನಾನು ಶೆಡ್ಡಿನ ನೆಲವನ್ನು ಒಂದು ಬದಿಗೆ ಇಳಿಜಾರು ಮಾಡಿಸಿದ್ದೆ.

"ಓರೆ ನೆಲದ ಮ್ಯಾಲ ಬಿಗಿದ ಬಂಡಿ ಸಾಯೂತನಕ ಓರೆ ನಡೀತೈತಿ. ಸಮ ನೆಲ ಬೇಕು. ಮ್ಯಾಲ ಹೇರೂ ಇರಬೇಕು. ಹೇರು ಹೇರಿ ಬಂಡಿ ಮೈ ಕುಂತ ಮ್ಯಾಲ ಬಿಗೀಬೇಕು."

ನಮ್ಮ ಸುತ್ತ ಅಷ್ಟು ಸಮನಾದ ನೆಲ ಒಂದೇ ಇತ್ತು. ಶೆಡ್ಡಿನ ಹಿಂದಿನ ಹೊಲದ ಕಣ. ರಾಶಿ ಮುಗಿದಿತ್ತು, ಸೆಗಣಿ ಸಾರಿಸಿದ ನೆಲ ಇನ್ನೂ ಗಟ್ಟಿಯಾಗಿತ್ತು. ಹೊಲದ ಯಜಮಾನ ಬೇಡವೆನ್ನಲಿಲ್ಲ, ಒಂದು ಕರಾರು ಹಾಕಿದ.

"ಕಣದಾಗ ಕೆರಾ ಮೆಟ್ಟಿ ಬರೂಹಂಗಿಲ್ಲ. ಎಣ್ಣಿ ಒಂದ ಹನಿ ಬೀಳಬಾರ್ದು."

ಆಮೇಲೆ ಅವನ ಕಣ್ಣು ಕಾರಿನ ರಬ್ಬರಿನ ಟೈರಿನ ಮೇಲೆ ಬಿತ್ತು. "ಇದೂ ಕೆರಾ ಹಾಕ್ಕೊಂಡಂಗ ಐತೆಲ್ಲೋ."

"ಬಿಚ್ಚಿದ್ರ ಕುಂಟತೈತಿ ಯಜಮಾನರ. ಕಾಲ ತೊಳಸಿ ತರತೇವಿ," ಎಂದ ಡ್ರೈವರ್. ನಾಲ್ಕೂ ಟೈರುಗಳನ್ನು ತೊಳೆದೆವು. ಎಣ್ಣೆಗೆಂದು ಕೆಳಗೆ ಗೋಣಿ ಹಾಸಿದೆವು.

ಪೆಟ್ರೋಲ್ ಟ್ಯಾಂಕು, ಸೀಟು, ನೆಲದ ಹಲಗೆ ಎಲ್ಲ ತೆಗೆದು ಹೊರಗಿಟ್ಟೆವು. ನಾಲ್ಕು ಗಾಲಿಗಳ ಕೆಳಗೆ ಒಂದೇ ಎತ್ತರದ ನಾಲ್ಕು ಕಲ್ಲು. ನೀರು ತುಂಬಿದ ರಬ್ಬರು ನಳಿಗೆಯನ್ನು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹಿಡಿದು ಮಟ್ಟ ನೋಡಿದೆ. ಐದು ಜನ ಕೂರುವಷ್ಟು ಭಾರಕ್ಕೆ ಜೋಳದ ಚೀಲ ಹೇರಿದೆವು. ಆಮೇಲೆ ಅಜ್ಜ ತಿದಿಯ ಒಲೆ ಹೊತ್ತಿಸಿದ, ಡ್ರೈವರ್ ತಿದಿ ಒತ್ತಿದ. ಇಕ್ಕಳದಲ್ಲಿ ಕೆಂಡದಂಥ ರಿವೆಟ್ಟು ಬರುತ್ತಿತ್ತು. ಕೆಳಗೆ ಮಲಗಿದ ನಾನು ತೂತಿನಲ್ಲಿ ಕೂರಿಸಿ ಭಾರದ ಸುತ್ತಿಗೆ ಆನಿಸಿ ಹಿಡಿಯುತ್ತಿದ್ದೆ. ಮೇಲಿನಿಂದ ಅಜ್ಜ ಬಡಿದು ತಲೆ ಕಟ್ಟುತ್ತಿದ್ದ. ಎಲ್ಲರೂ ಬರಿಗಾಲು. ಕಿಡಿ ಹಾರಿದಾಗೊಮ್ಮೆ ಎಪ್ಪತ್ತು ದಾಟಿದ ಅಜ್ಜ ಕುಣಿಯುತ್ತಿದ್ದ. "ಈ ವಯಸ್ಸಿನ್ಯಾಗ ನನ್ನ ಹೆಜ್ಜಿ ಕುಣಿಸಿದ್ರಲ್ರೋ," ಎಂದು ಬೈಯುತ್ತಿದ್ದರೂ ಏಟು ತಪ್ಪಿಸುತ್ತಿರಲಿಲ್ಲ. ಮೂರು ಬೆಳಗು ಹೀಗೆ ಕೆಲಸ ನಡೆಯಿತು. ಬಿಸಿಲೇರಿದ ಮೇಲೆ ಕಣದ ನೆಲವೇ ರಿವೆಟ್ಟಿನಷ್ಟು ಸುಡುತ್ತಿತ್ತು.

ಕೊನೆಯ ರಿವೆಟ್ಟು ಆರಿದ ಮೇಲೆ, ಈ ಸಲ ಮರೆಯದೆ, ಜಾಕ್ ಇಟ್ಟು ಅಳೆದೆವು. ಗಾಲಿ ಗೇಣೆತ್ತರ ಏರಿತು. ಡ್ರೈವರ್ ಎಲೆ ಸೇರಿಸುತ್ತ ಎಣಿಸಿದ. ಹತ್ತು, ಹನ್ನೊಂದು, ಹನ್ನೆರಡು. ಹದಿಮೂರನೆಯದು ಒಳಗೆ ಹೋಗಲಿಲ್ಲ.

"ಇನ್ನೊಮ್ಮೆ ಎಣಿಸು," ಎಂದೆ.

ಎರಡನೆಯ ಸಲವೂ ಹನ್ನೆರಡೇ. ಅವನು ಬಾಗಿಲಿಗೆ ಹಣೆ ಆನಿಸಿ ಸ್ವಲ್ಪ ಹೊತ್ತು ನಿಂತ. ಅಜ್ಜ ಸವಣೂರು ಖಾರದ ಪೊಟ್ಟಣ ಬಿಚ್ಚಿ, "ನಿಂತ ನಿದ್ದಿ ಮಾಡಬ್ಯಾಡ, ಬಾ ತಿನ್ನು," ಎಂದ.

ಅವ್ವಾರ ಕೈಕಟ್ಟು ಬಿಚ್ಚಿದ ಸುದ್ದಿ ಬಂದ ಮರುದಿನ ಬೆಳಗಿನ ತಂಪಿನಲ್ಲಿ ಹೊರಟೆವು. ಧಣಿಗಳು ಹಿಂದಿನ ರಾತ್ರಿಯೇ ಶಿಗ್ಗಾಂವಿಗೆ ಬಂದು ಉಳಿದಿದ್ದರು. ಬಾಗಿಲನ್ನು ಈ ಸಲ ಅವರೇ ಹಾಕಿದರು. ಹತ್ತು ಹಸಿ ಎಲೆಯನ್ನು ಎಣಿಸಿ ಸಂದಿನಲ್ಲಿ ಸಿಕ್ಕಿಸಿದವರೂ ಅವರೇ. ನಾನು ಹಿಂದೆ ಎಡಬದಿಗೆ, ಅವ್ವಾರು ಕೂತಿದ್ದ ಜಾಗದಲ್ಲಿ ಕೂತೆ. ಅದಕ್ಕೆ ಧೈರ್ಯ ಬೇಕಿರಲಿಲ್ಲ. ಅಳತೆ ಇತ್ತು.

ತಡಸ ದಾಟಿತು. ಮೊದಲ ಮೋರಿ. ಎಲೆ ಇದ್ದವು. ಹಳ್ಳ ಬಂದಾಗ ಧಣಿಗಳು ಮುಂದೆ ನೋಡುತ್ತಲೇ, "ಅವತ್ತ ಎಷ್ಟ ಜೋರ ಹೊಂಟಿದ್ದಿ?" ಎಂದು ಕೇಳಿದರು. ಡ್ರೈವರ್ ಹೇಳಿದ. "ಅಷ್ಟ ಜೋರ ಹೋಗು." ಮುಂದಿನ ಗಾಲಿ ತಗ್ಗಿಗಿಳಿದಾಗ ನಾವು ಮೂವರೂ ಸೀಟಿನಿಂದ ಮೇಲೆದ್ದು ಕೂತೆವು. ಬಾಗಿಲು ಅಲ್ಲಾಡಲಿಲ್ಲ. ಹಾನಗಲ್ ಪೇಟೆಯಲ್ಲಿ ಚಹಕ್ಕೆ ನಿಂತಾಗ ಧಣಿಗಳು ಇಳಿದು ಬಂದು ಎಲೆ ನೋಡಿದರು. ಅಲ್ಲಿಂದ ಹಿರೇಕೆರೂರಿನವರೆಗೂ ಗಾಡಿ ಮೊದಲಿನಂತೆ ಕೀಲು ಕೀಲಿನಲ್ಲಿ ನರಳಲಿಲ್ಲ. ಅದರ ಮೌನ ನನಗೆ ಹೊಸದು.

ಮನೆಯ ಮುಂದಿನ ಕಟ್ಟೆಯ ಮೇಲೆ ಅವ್ವಾರು ಕೂತಿದ್ದರು. ಎಡಗೈ ಸಣ್ಣಗಾಗಿ ಬಿಳಿಚಿಕೊಂಡಿತ್ತು. ಧಣಿಗಳು ಸಂದಿನಿಂದ ಎಲೆ ಎಳೆದು ಎಣಿಸಿದರು. ಅಂಚು ಬಾಡಿದ್ದವು, ಹತ್ತೂ ಇದ್ದವು. ಅವನ್ನು ಕಟ್ಟೆಯ ಮೇಲಿಟ್ಟು ಡ್ರೈವರನಿಗೆ ಹೇಳಿದರು.

"ನಾಳೆ ಹಾನಗಲ್ಲಿಗೆ ಹೋಗೂದೈತಿ. ಎಂಟಕ್ಕ ಗಾಡಿ ತಗಿ."

ಅವನು "ಹೂಂ ರೀ" ಎಂದ. ಹೆಗಲ ಮೇಲಿನ ಅರಿವೆ ತೆಗೆದು ಬಾಗಿಲಿನ ಧೂಳು ಒರೆಸಿದ.

"ಏನದು ಎಲಿ ಎಣಸಾಕತ್ತೀರಿ?" ಎಂದು ಅವ್ವಾರು ಕೇಳಿದರು. ಧಣಿಗಳು ಎಲ್ಲ ಹೇಳಿದರು. ಬಾಗಿಲು ಹಾಕಿರಲಿಲ್ಲವೆಂದು ತಾವು ತಿಳಿದದ್ದನ್ನೂ ಡ್ರೈವರನನ್ನು ಬಿಡಿಸಲು ಹೊರಟದ್ದನ್ನೂ ಬಿಡದೆ ಹೇಳಿದರು. ಅವ್ವಾರು ಮಗನ ಮುಖವನ್ನೇ ನೋಡಿದರು.

"ಅವತ್ತ ಬಾಗಿಲಾ ನಾನ ಎಳದ ಹಾಕ್ಕೊಂಡಿದ್ದೆ. ಟಕ್ ಅಂದಿದ್ದು ಕಿವಿಲೆ ಕೇಳೇನಿ."

"ಮತ್ತ ಹೇಳಬಾರ್ದೇನವ್ವಾ?"

"ನನ್ನ ಯಾರರ ಕೇಳಿದ್ರೇನು?"

ನಾನು ಚೀಲದಿಂದ ವಹಿ ತೆಗೆದೆ. ಬಲಪುಟದಲ್ಲಿ ಧಣಿಗಳ ಹೇಳಿಕೆ ಇತ್ತು, ಡ್ರೈವರನ ಹೇಳಿಕೆ ಇತ್ತು. ಗಾಡಿಯೊಳಗೆ ಬಾಗಿಲಿನ ಪಕ್ಕದಲ್ಲಿದ್ದವರ ಹೇಳಿಕೆ ಇರಲಿಲ್ಲ. ಅದರ ಕೆಳಗೆ ಜಾಗವಿತ್ತು. ಅವ್ವಾರು ಹೇಳಿದ್ದನ್ನು ಹೇಳಿದಂತೆಯೇ ಬರೆದೆ.

ಎಡಪುಟದಲ್ಲಿ 'ಹಿರೇಕೆರೂರು ತಲುಪಿದಾಗ ಹತ್ತು ಎಲೆ' ಎಂದು ಬರೆದು ತಲೆಯೆತ್ತಿದೆ. ಕಟ್ಟೆಯ ಮೇಲೆ ಒಂಬತ್ತೇ ಇದ್ದವು. ಅವ್ವಾರು ಒಂದನ್ನು ಸೆರಗಿಗೆ ಒರೆಸಿ, ಹೊಸದಾಗಿ ಕಟ್ಟು ಬಿಚ್ಚಿದ ಎಡಗೈಯಲ್ಲಿ ಹಿಡಿದು, ನಿಧಾನವಾಗಿ ಸುಣ್ಣ ಹಚ್ಚುತ್ತಿದ್ದರು.